ಸೋತವನ ಎಂಜಿನು

ಕಾರೋಟದ ಆಟದಲ್ಲಿ ಮಾತಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಹೊರಡು, ತಿರುಗು, ಗುದ್ದಬೇಡ, ಮೊದಲು ಮುಟ್ಟು. ಇಷ್ಟಕ್ಕೆ ಭಾಷೆಯ ಹಂಗಿಲ್ಲ. ಆದರೆ 'ರೇಸಿಂಗ್ ಲಗೂನ್' ಎಂಬ ಜಪಾನೀ ವೀಡಿಯೊ ಆಟದಲ್ಲಿ ಓಟಕ್ಕಿಂತ ಮಾತೇ ಹೆಚ್ಚು. ಸ್ಕ್ವೇರ್ ಕಂಪನಿ ಅದನ್ನು 1999ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕೆಂದು ಹೊರತಂದಿತು. 'ಫೈನಲ್ ಫ್ಯಾಂಟಸಿ'ಯಿಂದ ಹೆಸರು ಮಾಡಿದ ಕಂಪನಿ ಅದು. ಒಬ್ಬ ನಾಯಕನ ಪಾತ್ರ ವಹಿಸಿ, ಕಥೆಯೊಳಗೆ ನಡೆದು, ಎದುರಾದವರೊಡನೆ ಹೋರಾಡಿ ಬಲಿಯುತ್ತ ಹೋಗುವುದು ಅಂಥ ಆಟಗಳ ಕ್ರಮ. ಇಲ್ಲಿ ಕತ್ತಿಯ ಜಾಗಕ್ಕೆ ಕಾರು ಬಂತು, ಅಷ್ಟೆ.

ಜಪಾನಿನಿಂದಾಚೆಗೆ ಅದನ್ನು ಮಾರಲೇ ಇಲ್ಲ. 22 ವರ್ಷ ಕಳೆದ ಮೇಲೆ, 2021ರಲ್ಲಿ, ಅಭಿಮಾನಿಯೊಬ್ಬರು ತಮ್ಮಷ್ಟಕ್ಕೆ ತಾವೇ ಅದನ್ನು ಇಂಗ್ಲಿಷಿಗೆ ತಂದರು. ನನ್ನ ಅಣ್ಣನ ಮಗ ಅದನ್ನು ನಮ್ಮ ಮನೆಯ ಕಂಪ್ಯೂಟರಿಗೆ ಅಳವಡಿಸಿ, "ಚಿಕ್ಕಪ್ಪ, ಇದರಲ್ಲಿ ಕವಿತೆ ಇದೆಯಂತೆ" ಎಂದು ಆಸೆ ಹುಟ್ಟಿಸಿದ. ಕನ್ನಡ ಮೇಷ್ಟರನ್ನು ಹಿಡಿಯುವ ಗಾಳ ಯಾವುದೆಂದು ಹುಡುಗನಿಗೆ ಚೆನ್ನಾಗಿ ಗೊತ್ತು.

ಕವಿತೆ ಇದ್ದದ್ದು ನಿಜ. ಕಥಾನಾಯಕ ಅಕಸಾಕಿ ಶೋ ಎಂಬ ತರುಣ ರಾತ್ರಿಯ ರಸ್ತೆಯನ್ನು ನೋಡಿದರೂ ಸಾಕು, ತುಂಡುತುಂಡು ಸಾಲುಗಳಲ್ಲಿ, ನಡುನಡುವೆ ಚುಕ್ಕಿಗಳ ಮೌನವಿಟ್ಟು, ತನ್ನೊಳಗೇ ಮಾತನಾಡಿಕೊಳ್ಳುತ್ತಾನೆ. ಆಡಿದ ಜಪಾನೀಯರು ಈ ಶೈಲಿಗೆ 'ಲಗೂನ್ ಭಾಷೆ' ಎಂದೇ ಹೆಸರಿಟ್ಟು ನಕ್ಕಿದ್ದಾರೆ. ನಗಬಹುದು, ಕೆಲವು ಸಾಲುಗಳು ನಮ್ಮ ಕಾಲೇಜು ಪತ್ರಿಕೆಯ ಸಂಪಾದಕರಿಂದಲೂ ಹಿಂದಕ್ಕೆ ಬರತಕ್ಕವು. ಆದರೂ ನೊರಿಕೊ ಮಾತ್ಸುಎದಾ ಅವರ ಜಾಸ್ ಸಂಗೀತ ಹಿಂದಿನಿಂದ ಮೆಲ್ಲನೆ ಕೇಳುತ್ತಿರುವಾಗ ಆ ಮಾತು ಹುಸಿಯೆನಿಸುವುದಿಲ್ಲ. ಕುಮಾರವ್ಯಾಸನ ವೀರರು ಕೂಡ ಬಾಣ ಬಿಡುವ ಮೊದಲು ಸಾಕಷ್ಟು ಮಾತನಾಡುತ್ತಾರೆ. ಯಾರಾದರೂ ಅವರನ್ನು ತಡೆದದ್ದುಂಟೆ?

ಕಥೆ ನಡೆಯುವುದು 1999ರ ಯೊಕೊಹಾಮಾದಲ್ಲಿ. 1859ರಲ್ಲಿ ಪರದೇಶದ ಹಡಗುಗಳಿಗೆ ತೆರೆದುಕೊಂಡ ಬಂದರು ಅದು. ಮೋಟೊಮಾಚಿ, ಹೊನ್‌ಮೊಕು ಮೊದಲಾದ ಬಡಾವಣೆಗಳಲ್ಲಿ ಇರುಳಾದರೆ ಓಟಗಾರರ ಗುಂಪುಗಳು ಎದ್ದುಬರುತ್ತವೆ. ಇವರೆಲ್ಲ ಇಪ್ಪತ್ತರ ಆಸುಪಾಸಿನವರು. ಆದರೆ ಮಾತೆತ್ತಿದರೆ ಹತ್ತು ವರ್ಷದ ಹಿಂದಿನ ಒಬ್ಬ ಮಹಾವೇಗಿಯ ಕಥೆ! ಅವನ ಮುಂದೆ ತಾವೆಲ್ಲ ಏನು ಎಂಬ ನಿಟ್ಟುಸಿರು. ಹತ್ತು ವರ್ಷದ ಹಿಂದೆಂದರೆ 1989. ಆ ವರ್ಷವೇ ಯೊಕೊಹಾಮಾದ ಬೇ ಬ್ರಿಜ್ ಸೇತುವೆ ತೆರೆದದ್ದು. ಆ ವರ್ಷದ ಕೊನೆಯಲ್ಲಿಯೇ ಜಪಾನಿನ ಷೇರುಪೇಟೆ ಶಿಖರ ಮುಟ್ಟಿ, ಮರುವರ್ಷ ಕೆಳಗುರುಳಿದ್ದು. ಆಟ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಸೇರಿಸಿ ಓದಿಕೊಂಡೆ. ದೊಡ್ಡ ಹಬ್ಬ ಮುಗಿದು ಚಪ್ಪರ ಬಿಚ್ಚುವ ಹೊತ್ತಿಗೆ ಬಂದ ಹುಡುಗರು ಇವರು ಎಂದು ನನಗೆ ತೋರುತ್ತದೆ.

ಇನ್ನು ಆಟದ ಒಂದು ನಿಯಮವನ್ನು ಹೇಳಲೇಬೇಕು. ರಸ್ತೆಯಲ್ಲಿ ಎದುರಾದವನನ್ನು ಸೋಲಿಸಿದರೆ ಅವನ ಕಾರಿನಿಂದ ನಮಗೆ ಬೇಕಾದ ಒಂದು ಭಾಗವನ್ನು ಕಿತ್ತುಕೊಳ್ಳಬಹುದು. ಮೊದಮೊದಲು ನಾನು ಸಂತೆಗೆ ಹೋದವನಂತೆ ಹಿಗ್ಗಿ ಕಿತ್ತೆ. ಒಬ್ಬನ ಎಂಜಿನು, ಇನ್ನೊಬ್ಬನ ಸಸ್ಪೆನ್ಷನ್ನು, ಮತ್ತೊಬ್ಬನ ಹೊರಮೈ. ಅರ್ಧ ಕಥೆ ಮುಗಿಯುವ ವೇಳೆಗೆ, ಹೊರಟಾಗ ಇದ್ದ ಕಾರಿನದೆಂಬುದು ಒಂದು ಚೂರೂ ಉಳಿದಿರಲಿಲ್ಲ. ಈಗ ಗೆಲ್ಲುತ್ತಿರುವವನು ಯಾರು? ನಾನೋ, ಸೋತು ಎಂಜಿನು ಕೊಟ್ಟು ಹೋದ ಆ ಹೆಸರಿಲ್ಲದ ಹುಡುಗನೋ?

ಪಾಠ ಹೇಳುವಾಗಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ಭಾಗವನ್ನು ಓದುವಾಗ ನಾನು ದನಿ ತಗ್ಗಿಸುವ ರೀತಿ ನನ್ನದಲ್ಲ, ನಮಗೆ ಕಲಿಸಿದ ಗುರುಗಳೊಬ್ಬರದು. ಹುಡುಗರು ನಗಲೆಂದು ಹೇಳುವ ಚಟಾಕಿ ಇನ್ನೊಬ್ಬರದು. ಅವರು ಸೋತು ಕೊಟ್ಟವರಲ್ಲ ಎಂಬುದೊಂದೇ ಸಮಾಧಾನ. ನಾನು ಆಡುತ್ತಿದ್ದ ಆಟವಾದರೂ ಏನು? ಕಥೆ ಜಪಾನಿನದು, ಮಾತು ಇಂಗ್ಲಿಷಿನದು, ಅರ್ಥಮಾಡಿಕೊಳ್ಳಲು ಹೆಣಗುತ್ತಿದ್ದ ತಲೆ ಕನ್ನಡದ್ದು. ಅದೂ ಜೋಡಿಸಿದ ಗಾಡಿಯೇ. ಓಡಿತಲ್ಲ!

ಕೊನೆಕೊನೆಗೆ ಕೀಳುವುದಕ್ಕೆ ಕೈ ಹಿಂಜರಿಯತೊಡಗಿತು. ಒಂದು ರಾತ್ರಿ ಒಬ್ಬ ಬಡಪಾಯಿಯನ್ನು ಸೋಲಿಸಿ, ಅವನ ಪಟ್ಟಿಯಲ್ಲಿ ನನಗೆ ಯಾವ ಉಪಯೋಗಕ್ಕೂ ಬಾರದ ಒಂದು ಭಾಗವನ್ನು ಆರಿಸಿಕೊಂಡೆ. ಹಿಂದೆ ನಿಂತು ನೋಡುತ್ತಿದ್ದ ಅಣ್ಣನ ಮಗ ತಲೆ ಚಚ್ಚಿಕೊಂಡ.

"ಏನು ಚಿಕ್ಕಪ್ಪ, ಅಂಥಾ ಎಂಜಿನ್ ಬಿಟ್ಟುಬಿಟ್ಟಿರಲ್ಲ!"

"ಅದನ್ನೂ ತೆಗೆದುಕೊಂಡರೆ ಅವನು ಮನೆಗೆ ಹೋಗೋದು ಹೇಗೋ?" ಎಂದೆ.