ಯಾರ ಮನೆಯ ಬೀಗದ ಕೈ?

ನಮ್ಮ ಮಲೆನಾಡಿನ ಮನೆಯಲ್ಲಿ ಕಾಫಿಪುಡಿಯ ಡಬ್ಬಿಗಳು ಎರಡಿದ್ದವು. ಚಿಕೋರಿ ಬೆರೆತದ್ದು ಮನೆಯವರಿಗೆ, ಬೆರೆಯದ್ದು ನೆಂಟರಿಗೆ. ಕತ್ತಿ ತಾಗಿಸಿಕೊಂಡು ರಕ್ತ ಸುರಿಸುತ್ತ ಬಂದವರಿಗೆ ಮಾತ್ರ ಅಜ್ಜಿ ನೆಂಟರ ಡಬ್ಬಿಯನ್ನೇ ತೆರೆಯುತ್ತಿದ್ದಳು. ಹಾಗಾಗಿ ಗಾಯ ಮಾಡಿಕೊಂಡವನಿಗೆ ಮನೆಯಲ್ಲಿ ಆ ಹೊತ್ತಿನ ಮಟ್ಟಿಗೆ ಬಡ್ತಿ. ಪುಡಿ ಮೆತ್ತಿ ಒತ್ತಿ ಹಿಡಿದರೆ ರಕ್ತ ನಿಂತೇ ನಿಲ್ಲುತ್ತಿತ್ತು. ಗಾಯ ಘಮಘಮಿಸುತ್ತ ಒಣಗುತ್ತಿತ್ತು. ರಕ್ತ ನಿಲ್ಲಿಸಿದ್ದು ಅಜ್ಜಿಯ ಹೆಬ್ಬೆರಳೇ ಹೊರತು ಪುಡಿಯಲ್ಲ, ಪುಡಿಯಿಂದ ಗಾಯಕ್ಕೆ ಕೊಳೆ ಸೇರುವುದಷ್ಟೇ ಲಾಭ ಎಂದು ನಾನು ತಿಳಿಯುವ ಹೊತ್ತಿಗೆ ಆ ಹೆಬ್ಬೆರಳು ಇರಲಿಲ್ಲ.

ಸುಟ್ಟ ಗಾಯದ ವಿಷಯದಲ್ಲಿ ಒಮ್ಮತವಿರಲಿಲ್ಲ. ದೊಡ್ಡಮ್ಮನದು ದೋಸೆಹಿಟ್ಟಿನ ಪಕ್ಷ, ಅತ್ತೆಯದು ಟೂತ್‌ಪೇಸ್ಟ್. ಶಾಲೆಯ ಮೇಷ್ಟ್ರು ತಮ್ಮ ಪೆನ್ನು ಬಿಚ್ಚಿ ನೀಲಿ ಶಾಯಿಯನ್ನೇ ಧಾರೆಯೆರೆಯುತ್ತಿದ್ದರು. ಆಮೇಲೆ ಆ ಕೈ ನೋಡುವ ಡಾಕ್ಟರಿಗೆ ಸುಟ್ಟದ್ದೆಷ್ಟು, ಶಾಯಿ ಎಷ್ಟು ಎಂಬುದೇ ಬಗೆಹರಿಯುತ್ತಿರಲಿಲ್ಲ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದರೆ ಸಾಕಾಗುವ ಗಾಯಗಳೇ ಅವುಗಳಲ್ಲಿ ಹೆಚ್ಚು. ಆದರೆ ನಮ್ಮವರು ಹೆದರುತ್ತಿದ್ದುದೇ ನೀರಿಗೆ. ನೀರು ಸೋಕಿದರೆ ಬೊಬ್ಬೆ ಏಳುತ್ತದೆಯಂತೆ!

ಒಮ್ಮೆ ತೋಟದಲ್ಲಿ ಚಿಕ್ಕಪ್ಪನಿಗೆ ಹಾವು ಕಡಿಯಿತು. ಬಾವಿಯ ಹಗ್ಗ ತಂದು ಮೊಣಕಾಲಿನ ಕೆಳಗೆ ಇಬ್ಬರು ಜಗ್ಗಿ ಕಟ್ಟಿದರು. ವಿಷ ಏರಿದ್ದರೆ ಕಹಿ ತಿಳಿಯುವುದಿಲ್ಲವಂತೆ; ಬೇವಿನ ಸೊಪ್ಪು ಅಗಿಸಿ, ‘ಕಹಿಯೇನೋ, ಕಹಿಯೇನೋ’ ಎಂದು ಕೇಳಿದರು. ಅವನು ಮುಖ ಕಿವುಚಿದ್ದಕ್ಕೆ ಎಲ್ಲರಿಗೂ ಅಷ್ಟು ಸಂತೋಷವಾದದ್ದನ್ನು ನಾನು ಮತ್ತೆ ಕಂಡಿಲ್ಲ. ಕಡಿದದ್ದು ಕೇರೆಹಾವು, ಅದಕ್ಕೆ ವಿಷವೇ ಇಲ್ಲ. ಹಲ್ಲಿನ ಗುರುತು ಬೇಗ ಮಾಸಿತು, ಹಗ್ಗದ್ದು ಬಹುಕಾಲ ಉಳಿಯಿತು. ವಿಷದ ಹಾವೇ ಆಗಿದ್ದರೂ ಹಗ್ಗದಿಂದ ಕಾಲಿಗೆ ಕೇಡೇ ಹೆಚ್ಚು. ಕಾಲನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಅಲ್ಲಿ ಒಂದೇ ಚುಚ್ಚುಮದ್ದಿದೆ. ಆದರೆ 108ರ ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೂ ಹಿಂದಿನ ಮಳೆಗಾಲದ ರಾತ್ರಿಗಳಲ್ಲಿ ಹಗ್ಗ ಹುಡುಕಿದವರನ್ನು ನೆನೆದು ನಾನು ಹೇಗೆ ತಾನೇ ನಗಲಿ?

ಅಂಗಡಿಮನೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಅವನಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಬಿದ್ದನೆಂದರೆ ಬೀದಿಯೆಲ್ಲ ಓಡಿಬಂದು ಅವನ ಕೈಗೆ ಕಬ್ಬಿಣ ತುರುಕುತ್ತಿತ್ತು: ಬೀಗದ ಕೈ, ಕುಡುಗೋಲಿನ ಹಿಡಿ ಕೂಡ. ಎರಡು ಮೂರು ನಿಮಿಷದಲ್ಲಿ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುವ ಸೆಳೆತಕ್ಕೆ ಕೊನೆಯಲ್ಲಿ ಬಂದ ಬೀಗದ ಕೈಯೇ ಕೀರ್ತಿ ಹೊಡೆಯುತ್ತಿತ್ತು. ಪೆಟ್ಟಾಗದಂತೆ ನೋಡಿಕೊಂಡು, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ ಕಾಯಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಇಷ್ಟನ್ನು ಹೇಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಎಚ್ಚರವಾದ ಮೇಲೆ ಅವನು ಕಣ್ಣುಜ್ಜಿಕೊಂಡು ಅಂಗೈ ಬಿಚ್ಚಿ ನೋಡುತ್ತಿದ್ದ. ‘ಇವತ್ತು ಯಾರ ಮನೇದೋ ಇದು?’ ಎಂದು ಮೆಲ್ಲಗೆ ಕೇಳುತ್ತಿದ್ದ. ಸಂಜೆ ನಾಚಿಕೊಂಡೇ ಆ ಮನೆಗೆ ಹೋಗಿ ಕೀಲಿಕೈ ಕೊಟ್ಟು ಬರುತ್ತಿದ್ದ. ಬರುವಾಗ ಕೈಯಲ್ಲಿ ಚಕ್ಕುಲಿ ಇರುತ್ತಿತ್ತು. ಈಗ ಅವನು ಎಲ್ಲಿದ್ದಾನೋ. ಬಿದ್ದರೆ ಸುತ್ತ ನಿಲ್ಲುವವರು ಯಾರೋ.

ಸರಿಯಾದ ಚಿಕಿತ್ಸೆಯ ಕಷ್ಟವೇ ಇದು. ಒತ್ತಿ ಹಿಡಿ, ನೀರಿಗೆ ಹಿಡಿ, ಅಲ್ಲಾಡಿಸಬೇಡ, ಕಾಯುತ್ತಿರು ಎನ್ನುತ್ತದೆ. ಕಣ್ಣೆದುರಿಗೆ ಮಗು ಅಳುತ್ತಿರುವಾಗ ಡಬ್ಬಿ ಹುಡುಕದೆ ಸುಮ್ಮನೆ ನಿಲ್ಲುವುದು ನಮ್ಮ ಹೆಂಗಸರಿಂದ ಆಗುತ್ತಿತ್ತೇ?

ಹೋದ ವರ್ಷ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೈಮೇಲೆ ಸಾರು ಚೆಲ್ಲಿತು. ಶಾಸ್ತ್ರೋಕ್ತವಾಗಿ ನಲ್ಲಿಯ ಕೆಳಗೆ ಹಿಡಿದೆ. ಒಬ್ಬನೇ ನಿಂತವನಿಗೆ 20 ನಿಮಿಷ ಎಷ್ಟು ಉದ್ದವೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಇನ್ನೊಂದು ಕೈಯಲ್ಲಿ ಅತ್ತೆಗೆ ಫೋನ್ ಮಾಡಿದೆ.

‘ಪೇಸ್ಟ್ ಹಚ್ಚಿದೆಯೇನೋ?’

‘ಹೂಂ ಅತ್ತೆ, ಹಚ್ಚಿದೆ.’

‘ಬಿಳೀದು ತಾನೇ? ಆ ಹಸಿರು ಜೆಲ್ಲು ಏನೂ ಪ್ರಯೋಜನ ಇಲ್ಲ ಮಾರಾಯ’ ಎಂದು ಶುರುಮಾಡಿದ ಅತ್ತೆ, ನಾನು ನಲ್ಲಿ ನಿಲ್ಲಿಸಿದ ಮೇಲೂ ಫೋನ್ ಇಡಲಿಲ್ಲ.