ಕಮಲಾಪುರದ ಬಸ್ಸು, ಬೆಳಗಿನ ಎರಡು ತಾಸು

ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಮನೆ. ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡ್ತೀನಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ತಲೆ ತಂಪಾಗಿರೋದು ಬೆಳಗ್ಗೆ ಮಾತ್ರ. ಆ ಹೊತ್ತಿನಲ್ಲಿ ಮುತ್ಯಾ ಹೇಳುವ ಹೊಲದ ಕಥೆಗಳನ್ನು ಬರೆದಿಡಬೇಕು ಅಂತ ಎರಡು ವರ್ಷದ ಆಸೆ. ಆದರೆ 6 ಗಂಟೆಗೆ ಲ್ಯಾಪ್‌ಟಾಪ್ ತೆಗೆದರೆ ಅಮೆರಿಕದ ಟೀಮ್ ರಾತ್ರಿ ಕಳಿಸಿದ ಮೇಲ್‌ಗಳು ಕಾಯ್ತಿರ್ತವೆ. ‘ಒಂದಕ್ಕೆ ಉತ್ತರ ಹಾಕಿಬಿಡೋಣ’ ಅನ್ನುವಷ್ಟರಲ್ಲಿ ಎಂಟೂವರೆ. ಎರಡು ವರ್ಷಕ್ಕೆ ಬರೆದದ್ದು ಮೂರು ಪುಟ!

ಒಂದು ಶನಿವಾರ ಮುತ್ಯಾನ ಹತ್ತಿರ ಕಮಲಾಪುರಕ್ಕೆ ಹೊರಟೆ. ಹುಮನಾಬಾದ್ ಕಡೆಯ ಬಸ್ಸು, ತಾಸಿನ ದಾರಿ. ಕಿಟಕಿಯಾಚೆ ತೊಗರಿ ಹೊಲ. ನಾನು ನೋಡಿದ್ದು ಮಾತ್ರ ಮೊಬೈಲ್.

ಕಮಲಾಪುರ ಅಂದರೆ ಕೆಂಪು ಬಾಳೆ. ಬೇರೆ ಬಾಳೆ ವರ್ಷಕ್ಕೆ ಬಂದರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ತೋಟದ ಬದುವಿನ ಮೇಲೆ ಕೂತು ಮುತ್ಯಾ 1972ರ ಬರಗಾಲದ ಮಾತು ತೆಗೆದ, ಮೇವಿಲ್ಲದೆ ಮಾರಿದ ಎತ್ತಿನ ಮಾತು. ಅಷ್ಟರಲ್ಲಿ ಮೊಬೈಲ್ ಟಿಂಗ್ ಅಂತು. ನೋಡಿದೆ. ತಲೆ ಎತ್ತಿದಾಗ ಮುತ್ಯಾ ಸುಮ್ಮನಾಗಿದ್ದ. ‘ಏನ್ ಹೇಳ್ಲಿಕತ್ತಿದ್ದೆ ತಮ್ಮಾ?’ ಅಂದ. ಎತ್ತಿನ ಹೆಸರು ಅವನಿಗೆ ಮತ್ತೆ ನೆನಪಾಗಲಿಲ್ಲ. ಅವನಿಗೆ ಈಗ 84.

ಸಂಜೆ ಅವನೇ ಕೇಳಿದ: ‘ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಚಾಲೂ ಮಾಡ್ತೀವಿ. ಉಳಿದ ಹೊತ್ತೂ ಸ್ಟಾರ್ಟರ್ ಮುಂದ ಕುಂತ್ರ ಹೊಲ ಯಾರ್ ನೋಡ್ಬೇಕಪಾ?’

ಗಾಜಿಪುರಕ್ಕೆ ಬಂದವನೇ ಮೇಲ್‌ಗೂ ಟೈಮ್ ಕಟ್ಟಿದೆ: 10, 2, 5 ಗಂಟೆ. ನೋಟಿಫಿಕೇಶನ್ ಬಂದ್. ಅರ್ಜೆಂಟ್ ಇದ್ದರೆ ಫೋನ್ ಮಾಡಿ ಅಂತ ಟೀಮಿಗೆ ಹೇಳಿದೆ. ಎರಡು ನಿಮಿಷದಲ್ಲಿ ಮುಗಿಯುವ ಉತ್ತರ ಅಲ್ಲೇ, ಉಳಿದದ್ದು ಪಟ್ಟಿಗೆ. ಬೆಳಗ್ಗೆ 6ರಿಂದ 8 ನೋಟ್‌ಬುಕ್ಕು, ಪೆನ್ನು ಮಾತ್ರ. ಲ್ಯಾಪ್‌ಟಾಪ್ ಮುಚ್ಚಿಯೇ ಇರ್ತದೆ. ನಮ್ಮ ಕ್ಷೇತ್ರದ ದೊಡ್ಡ ಹೆಸರು ಡೊನಾಲ್ಡ್ ಕನೂತ್, ಪುಸ್ತಕ ಬರೆಯೋಕೆ ಅಂತ 1990ರಲ್ಲೇ ಇ-ಮೇಲ್ ಬಿಟ್ಟವರು. ನಮ್ಮಂಥ ಸಂಬಳದವರಿಗೆ ಅದು ಆಗದ ಮಾತು. ಎರಡು ತಾಸು ಆಗ್ತದೆ. ಮೊದಲ ವಾರ ಕೈ ತಡೀಲಿಲ್ಲ, ಎರಡು ಸಲ ತಪ್ಪಿದೆ. ಆದರೆ ಇಲ್ಲಿಯವರೆಗೆ ಅರ್ಜೆಂಟ್ ಅಂತ ಫೋನ್ ಬಂದದ್ದು ಒಂದೇ ಸಲ.

ಈಗ ಶನಿವಾರ ಬಸ್ಸಿನಲ್ಲಿ ತೊಗರಿ ಹೊಲ ನೋಡ್ತೀನಿ. ನೋಟ್‌ಬುಕ್ಕು 31ನೇ ಪುಟಕ್ಕೆ ಬಂದಿದೆ. ಎತ್ತಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೀನಿ. ಪ್ರತಿ ವಾರ ಕೇಳ್ತೀನಿ, ‘ತಡಿ, ನೆನಪಾಗ್ತದ’ ಅಂತಾನೆ ಮುತ್ಯಾ.