ನಾರುವ ಮರ

ಮೂಡಿಗೆರೆ ಎಂದರೆ ಎಲ್ಲರೂ ಕಾಫಿ ಹೂವಿನ ಘಮ ಬರೆಯುತ್ತಾರೆ. ನನ್ನ ಮೂಗಿನಲ್ಲಿ ಉಳಿದದ್ದು ಮಳೆಗಾಲದ ಇನ್ನೊಂದು ನಾತ. ಹಳ್ಳದ ಬದಿಯಲ್ಲಿ ದುರ್ವಾಸನೆ ಮರ ಹೂ ಬಿಟ್ಟರೆ, ಇಲಿ ಎಲ್ಲಿ ಸತ್ತಿದೆ ಎಂದು ಹುಡುಕುವಂತಾಗುತ್ತಿತ್ತು.

ಮೊನ್ನೆ ತಮ್ಮನ ಮಗಳು, ಫಾರ್ಮಸಿ ಓದುವವಳು, "ದೊಡ್ಡಪ್ಪ, ಕ್ಯಾನ್ಸರ್ ಮದ್ದಿನ ಮರ ನಮ್ಮಲ್ಲೇ ಇದೆಯಂತಲ್ಲ, ತೋರಿಸಿ" ಎಂದಳು. ಹಳ್ಳದುದ್ದಕ್ಕೂ ನಡೆದೆವು. ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸು, ಹೋಂಸ್ಟೇಯವರು ಎಸೆದ ಬಾಟಲಿಗಳು. ಅವಳು ಕೇಳಿದ ಆ ದುರ್ವಾಸನೆ ಮರ ಒಂದೂ ಇಲ್ಲ.

ನಮ್ಮ ಮೇಸ್ತ್ರಿ ತೊಗಟೆಯನ್ನು ಉಗುರಿನಲ್ಲಿ ಕೆರೆದು ಮೂಸಿಯೇ ಮರದ ಹೆಸರು ಹೇಳುತ್ತಿದ್ದ. ದುರ್ವಾಸನೆ ಮರವನ್ನು ಸೌದೆಗೂ ಮುಟ್ಟಬೇಡಿ ಎಂದವನೂ ಅವನೇ. ತೊಂಬತ್ತರ ದಶಕದಲ್ಲಿ ಅದೇ ಮರ ಕೊಳ್ಳಲು ಏಜೆಂಟ್ ಲಾರಿ ತಂದಾಗ ತಕ್ಕಡಿ ಹಿಡಿದವನೂ ಅವನೇ. ಹಸಿ ತೂಕವೋ ಒಣ ತೂಕವೋ ಎಂದು ಮಧ್ಯಾಹ್ನದವರೆಗೆ ಜಗ್ಗಾಟ. ಹಸಿ ತೂಕಕ್ಕೆ ಒಪ್ಪಿಸಿ, ರಾತ್ರಿ ಚೀಲಗಳಿಗೆ ನೀರು ಚಿಮುಕಿಸಿದ. ನಕ್ಕೆವು. ದುಡ್ಡು ಎಣಿಸಿಕೊಂಡವನು ನಾನು. ಹಿಂದಿನವರು ಕಾಡು ಉಳಿಸಿದ್ದರು ಎಂದು ಈಗ ಭಾಷಣ ಮಾಡುವವನೂ ನಾನೇ.

ಬಂಡೆಯ ಮೇಲೆ ಕೂತು ಅವಳು ಪಾಠ ಹೇಳಿದಳು. ಮದ್ದಿನ ಹೆಸರು ಕ್ಯಾಂಪ್ಟೊಥೆಸಿನ್. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದನ್ನು ಚೀನಾದ ಮರವೊಂದರಿಂದ ಬೇರ್ಪಡಿಸಿದರು, 1972ರಲ್ಲಿ ನಮ್ಮ ಮರದಲ್ಲೂ ಸಿಕ್ಕಿತು. ಮೆಣಸಿನ ಏಣಿಯ ಹಗ್ಗ ತೆಗೆದುಕೊಂಡು ಎರಡೆಳೆ ಬಿಡಿಸುತ್ತ ಹೋದಳು, ಮುಂದಿನ ಹುರಿ ಬಿಗಿದು ಮುರುಟಿತು. ಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗುವಾಗಲೂ ಹೀಗೇ ಅಂತೆ. ಒಂದು ಕಿಣ್ವ ಬಂದು ಒಂದೆಳೆ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಈ ಮದ್ದು ಬೆಸೆಯಲು ಬಿಡುವುದಿಲ್ಲ. ಒಳ್ಳೆಯ ಕೋಶ ಅಲ್ಲೇ ನಿಂತು ರಿಪೇರಿಗೆ ತೊಡಗುತ್ತದೆ. ಪಿ53 ಎಂಬ ಕಾವಲುಗಾರನನ್ನು ಕಳೆದುಕೊಂಡ ಕ್ಯಾನ್ಸರ್ ಕೋಶ ಹರಿದ ಎಳೆಯಲ್ಲೇ ಮುನ್ನುಗ್ಗಿ ಬಹಳ ಸಲ ಸಾಯುತ್ತದೆ.

"ಎಲ್ಲವೂ ಸಾಯುತ್ತವಾ?"

"ಇಲ್ಲ ದೊಡ್ಡಪ್ಪ. ಕೆಲವು ವಿಭಜನೆಯನ್ನೇ ನಿಲ್ಲಿಸಿ, ಮದ್ದಿನ ಜೋರು ಇಳಿಯುವವರೆಗೆ ಕಾಯುತ್ತವೆ. ಕೆಲವು ಆ ಕಿಣ್ವದ ಸರದಲ್ಲಿ ಒಂದೇ ಒಂದು ಮಣಿ, ಅಂದರೆ ಒಂದು ಅಮೈನೋ ಆಮ್ಲ, ಬದಲಿಸಿಕೊಳ್ಳುತ್ತವೆ, ಆಮೇಲೆ ಮದ್ದು ಹಿಡಿಯುವುದಿಲ್ಲ."

ಚೀನಾದ ಆ ಮರದ ಕಿಣ್ವದಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಇದೆ, ತನ್ನ ವಿಷಕ್ಕೆ ತಾನು ಸಾಯದಿರುವುದು ಅದರಿಂದ ಎಂದು 2008ರಲ್ಲಿ ಗೊತ್ತಾಯಿತಂತೆ. ನಮ್ಮ ಮೇಸ್ತ್ರಿ ಇದ್ದಿದ್ದರೆ ಇದನ್ನು ಕೇಳಿ ಇನ್ನೊಮ್ಮೆ ತೊಗಟೆ ಮೂಸುತ್ತಿದ್ದ. ಮೂಸಲು ಮರ ಎಲ್ಲಿದೆ?

ಮೂಡಿಗೆರೆ, ಕಳಸ ಕಡೆ ಯಾರ ತೋಟದಲ್ಲಾದರೂ ಈ ಮಳೆಗಾಲದಲ್ಲಿ ಸತ್ತ ಇಲಿಯ ನಾತ ಬಂದರೆ, ಕತ್ತಿ ತರುವ ಮೊದಲು ನನಗೊಂದು ಮಾತು ತಿಳಿಸಿ. ಬೀಜ ಬೇಕು.